ಧರ್ಮರಾಯನ ಉತ್ತರ

ಪ್ರತಿ ವರ್ಷ ತರಗತಿಯಲ್ಲಿ ನಾನು ಹೇಳುತ್ತ ಬಂದ ಕಥೆಗಳಲ್ಲಿ ದ್ರೋಣರ ಪರೀಕ್ಷೆಯದೂ ಒಂದು. ಮರದ ಮೇಲೊಂದು ಕೃತಕ ಹಕ್ಕಿ. ‘ಏನು ಕಾಣುತ್ತದೆ?’ ಎಂದು ಗುರುಗಳು ಕೇಳುತ್ತಾರೆ. ಮರ, ಹಕ್ಕಿ, ತಮ್ಮಂದಿರು, ನೀವು, ಎಲ್ಲ ಕಾಣುತ್ತದೆ ಎನ್ನುತ್ತಾನೆ ಧರ್ಮರಾಯ. ಸರಿ, ನಿನ್ನಿಂದಾಗದು, ಆಚೆ ಹೋಗು. ಅರ್ಜುನನಿಗೆ ಹಕ್ಕಿಯ ತಲೆಯಲ್ಲದೆ ಬೇರೇನೂ ಕಾಣದು. ಅವನೇ ಜಾಣ. ಇದರಿಂದ ನಾವು ಕಲಿಯಬೇಕಾದ ನೀತಿ ಏಕಾಗ್ರತೆ. ಮೂವತ್ತು ವರ್ಷ ಹೀಗೇ ಹೇಳಿದೆ.

ಒಂದು ಸಲ ಕೊನೆಯ ಸಾಲಿನ ಹುಡುಗನೊಬ್ಬ ಎದ್ದುನಿಂತ. “ಅಕ್ಕೋರ, ಧರ್ಮರಾಯ ಹೇಳಿದ್ದ ಖರೇ ಐತಲ್ರೀ? ಗಿಡದ ಹಿಂದ ಯಾರರ ನಿಂತಿದ್ರ?”

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ. “ನಾವು ಜೋಳದ ಹೊಲದಾಗ ಹಕ್ಕಿ ಕಾಯೂ ಮುಂದ, ಕವಣಿ ಬೀಸೂಕಿಂತ ಮೊದಲ ಆ ಕಡೆ ಯಾರ ಅದಾರ ನೋಡ್ತೀವ್ರೀ. ನೋಡದ ಬೀಸಿದ್ರ ಅಪ್ಪ ಬಡೀತಾನ್ರೀ.”

ಹಿಂದಿನ ದಿನವಷ್ಟೇ ಅದೇ ಹುಡುಗನ ಚೀಲದಿಂದ ಕವಣೆಯನ್ನು ಕಿತ್ತುಕೊಂಡು ನನ್ನ ಟೇಬಲ್ಲಿನ ಡ್ರಾದಲ್ಲಿ ಹಾಕಿದ್ದೆ. ಅವನು ನಾಯಕರ ಪೈಕಿ. ‘ಬೇಟೆಯಾಡುವವರ ಹುಡುಗ, ಇನ್ನೇನು ಕಲಿತಾನು’ ಎಂದು ಸ್ಟಾಫ್ ರೂಮಿನಲ್ಲಿ ಅಂದದ್ದೂ ನಾನೇ. ಅದೇ ರಜೆಯಲ್ಲಿ ನನ್ನ ಅಣ್ಣನ ಮಗ ಊರಿಗೆ ಬಂದಿದ್ದ, ಹೊಸ ಛರ್ರೆ ಬಂದೂಕು ಹಿಡಿದುಕೊಂಡು. ಪಕ್ಕದ ಮನೆಯ ಮಾಳಿಗೆಯ ಪಾರಿವಾಳಕ್ಕೆ ಗುರಿಯಿಟ್ಟು ಅವರ ತುಳಸಿ ಕುಂಡ ಒಡೆದ. ಆ ಮನೆಯಾಕೆ ಅಲ್ಲೇ ಬಟ್ಟೆ ಒಣಹಾಕುತ್ತಿದ್ದರು. ನಾವು ಗಾಬರಿಯಾದೆವು, ಕುಂಡದ ದುಡ್ಡು ಕೊಟ್ಟೆವು, ಆಮೇಲೆ ‘ಹುಡುಗ ಚುರುಕಿದ್ದಾನೆ’ ಎಂದು ಚಹಾ ಕುಡಿದೆವು. ಅವನ ಬಂದೂಕನ್ನು ಯಾರೂ ಡ್ರಾದಲ್ಲಿ ಹಾಕಲಿಲ್ಲ.

ಆ ದಿನದಿಂದ ಈ ಪಾಠವನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ದ್ರೋಣರು ಪರೀಕ್ಷಿಸಿದ್ದು ಗುರಿಯನ್ನು, ಯೋಗ್ಯತೆಯನ್ನಲ್ಲ. ಗುರಿಕಾರನಿಗೆ ಅರ್ಜುನನ ಉತ್ತರ ಸರಿ. ಆದರೆ ಮಗುವಿನ ಕೈಗೆ ಆಯುಧ ಕೊಡಬಹುದೇ ಎಂದು ಕೇಳಿದರೆ ಧರ್ಮರಾಯನದೇ ಸರಿಯುತ್ತರ. ಮರವನ್ನೂ ಮನುಷ್ಯರನ್ನೂ ಕಂಡವನು ಅವನು.

ಕಾಣದೆ ಹೊಡೆದವನ ಕಥೆ ರಾಮಾಯಣದಲ್ಲೇ ಇದೆ. ಯುವರಾಜ ದಶರಥ ಶಬ್ದವೇಧಿ ವಿದ್ಯೆಯಲ್ಲಿ ನಿಪುಣ. ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಾಣ ಬಿಟ್ಟ. ಕುರುಡ ತಂದೆತಾಯಿಗೆ ನೀರು ಒಯ್ಯಲು ಬಂದ ಮಗ ಸತ್ತ. ಅವನ ಗುರಿ ತಪ್ಪಲಿಲ್ಲ, ಗುರಿ ತಪ್ಪದ್ದೇ ಅನಾಹುತವಾಯಿತು. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನಿಂದ ಬಂದಾಗಲೆಲ್ಲ ನನಗೆ ಆ ಕೊಡದ ಸದ್ದು ಕೇಳಿಸುತ್ತದೆ.

ಹಾಗಾದರೆ ಮಕ್ಕಳಿಂದ ಆಯುಧವನ್ನು ದೂರವಿಡುವುದೇ ದಾರಿಯೇ? ಕೊಡಗಿನವರು ಹಾಗೆಂದುಕೊಂಡಿಲ್ಲ. ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದು, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಮಗುವಿನ ಕೈಗೆ ಮುಟ್ಟಿಸುವುದು ಕೊಡವರ ಹಳೆಯ ಪದ್ಧತಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಹೆಂಗಸರೂ ನಿಲ್ಲುತ್ತಾರೆ. ನಮಗೆ ಇದು ವಿಚಿತ್ರ ಅನಿಸೀತು. ಆದರೆ ಅಲ್ಲಿ ಮಗು ಕೋವಿಯನ್ನು ಆಟಿಕೆಯಾಗಿ ಅಲ್ಲ, ಹಿರಿಯರ ನಡುವೆ, ದೇವರ ಮುಂದೆ ನೋಡುತ್ತದೆ.

ಕಾನೂನು ತನ್ನ ಲೆಕ್ಕ ಹೇಳುತ್ತದೆ. ಬಂದೂಕಿನ ಲೈಸೆನ್ಸಿಗೆ 21 ವರ್ಷ ತುಂಬಬೇಕು. ಕ್ರೀಡೆಗಾಗಿ ಗುರಿ ಕಲಿಯುವವರು ಮೇಲ್ವಿಚಾರಣೆಯಲ್ಲಿ ಮೊದಲೇ ಕಲಿಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1991ರಲ್ಲಿ ಆದ ಅದರ ತಿದ್ದುಪಡಿ ಬಂದ ಮೇಲೆ ಮೋಜಿನ ಬೇಟೆಯಂತೂ ಮುಗಿದ ಮಾತು. ಆದರೆ ವಯಸ್ಸನ್ನು ಎಣಿಸುವುದು ಸುಲಭ, ಮನಸ್ಸನ್ನು ಎಣಿಸುವುದು ಹೇಗೆ? ಅದಕ್ಕೆ ತಾಯಿಯೇ ಬೇಕು, ಗುರುವೇ ಬೇಕು.

ಗುರುವೂ ಎಡವುತ್ತಾನೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕ (1947) ನನ್ನನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೇ. ವ್ಯಾಸರ ಏಕಲವ್ಯ ಪ್ರಸಂಗದಲ್ಲಿ ತಾಯಿ ಇಲ್ಲ. ಕುವೆಂಪು ತಾಯಿಯನ್ನು ತಂದರು. ಮಗನ ಹೆಬ್ಬೆರಳಿಗೆ ಕೊರಳೇ ಬೆಲೆ ಎನ್ನುವ ಸಂಕಟ ಆ ತಾಯಿಯದು. ಬೇಡರ ಹುಡುಗ ಕಲಿಯಬಾರದು ಎಂದು ಹುಟ್ಟನ್ನು ನೋಡಿ ತೀರ್ಮಾನಿಸಿದ್ದಕ್ಕೆ ಲೆಕ್ಕ ಕೇಳಲು ಆಕೆಯಲ್ಲದೆ ಇನ್ಯಾರು ಬರಬೇಕಿತ್ತು? ಹೆಣ್ಣುಮಕ್ಕಳು ಈ ನಾಟಕವನ್ನು ಓದಲೇಬೇಕು. ಹಳಗನ್ನಡದ ನಡೆ ಮೊದಲು ತೊಡಕೆನಿಸಿದರೂ ಬಿಡಬಾರದು.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತದೆ. ಬೊಗಳಿದ ನಾಯಿಯ ಬಾಯಿಗೆ ಏಕಲವ್ಯ ಏಳು ಬಾಣ ತುಂಬಿದನೆಂದು ಭಾರತ ಹೇಳುತ್ತದೆ. ಆ ಕೈಚಳಕಕ್ಕೆ ಪಾಂಡವರು ಬೆರಗಾದರು. ನಾವು ಓದುಗರು ಹೆಬ್ಬೆರಳಿಗೆ ಅತ್ತೆವು, ಅಳಲೇಬೇಕಾದದ್ದು. ಆದರೆ ನಾಯಿಯ ಬಾಯಿಯನ್ನು ಮರೆತೆವು. ಅವನಿಗೆ ಕಲಿಸಲು ಒಪ್ಪಿದ ಗುರು ಇದ್ದಿದ್ದರೆ, ‘ಮಗಾ, ಬೊಗಳುವುದು ಅದರ ಧರ್ಮ, ಬಿಲ್ಲು ಇಳಿಸು’ ಎನ್ನುತ್ತಿದ್ದನೋ ಏನೋ. ಮಣ್ಣಿನ ಗುರು ಗುರಿ ಕಲಿಸಬಲ್ಲ, ಬಿಲ್ಲು ಇಳಿಸುವುದನ್ನು ಕಲಿಸಲಾರ. ಬಾಗಿಲು ಮುಚ್ಚಿದ ದ್ರೋಣರ ದೊಡ್ಡ ತಪ್ಪು ಅದೇ.

ನನ್ನ ತಪ್ಪೂ ಅದೇ. ಡ್ರಾದಲ್ಲಿದ್ದ ಕವಣೆಯನ್ನು ಮರುದಿನ ಹುಡುಗನಿಗೆ ವಾಪಸು ಕೊಟ್ಟೆ. “ಸಾಲಿಗೆ ತರಬ್ಯಾಡಪ್ಪ, ಹೊಲದಾಗ ಇಟಗೋ” ಎಂದೆ. “ಹಕ್ಕಿಗೆ ಹೊಡೀತೀಯೇನು?” ಎಂದೂ ಕೇಳಿದೆ. “ಇಲ್ರೀ ಅಕ್ಕೋರ, ಬರೇ ಎಬ್ಬಸ್ತೀವಿ. ಅವೂ ತಿನ್ನಬೇಕಲ್ರೀ” ಎಂದ.

ಈಗಲೂ ಸಂಜೆ ಮುದಗಲ್ ಕೋಟೆಯ ಕಂದಕದ ಬದಿಯಲ್ಲಿ ಹುಡುಗರು ನೀರಹಕ್ಕಿಗೆ ಕಲ್ಲು ಎತ್ತಿದ್ದು ಕಂಡರೆ ಗದರುವುದಿಲ್ಲ. ಹತ್ತಿರ ಹೋಗಿ, ‘ಏನೇನು ಕಾಣ್ತದ, ಹೇಳ್ರಿ’ ಎಂದು ಕೇಳುತ್ತೇನೆ. ಬರೀ ಹಕ್ಕಿ ಅಂದವನಿಗೆ, ಕಲ್ಲು ಕೆಳಗಿಟ್ಟು ಇನ್ನೊಮ್ಮೆ ನೋಡು ಅನ್ನುತ್ತೇನೆ.