ಸುತ್ತು ಕಡಿಮೆಯಾದಷ್ಟೇ ಇಂಧನ ಉಳಿಯುವುದೇ?

ಕಾರಿನ ಕ್ರೌನ್-ಪಿನಿಯನ್ ಹಲ್ಲುಗಳ ಅನುಪಾತವನ್ನು, ಅಂದರೆ ಅಂತಿಮ ಚಾಲನಾ ಅನುಪಾತವನ್ನು, ಶೇಕಡ 10 ಇಳಿಸಿದರೆ ಪೆಟ್ರೋಲೂ ಶೇಕಡ 10 ಉಳಿಯುತ್ತದೆ ಎಂಬ ವಿವರಣೆ ಆಗಾಗ ಕೇಳಿಬರುತ್ತದೆ. ಇದು ಅರ್ಧ ಸತ್ಯ.

ಟಯರಿನ ಸುತ್ತಳತೆ 1.8 ಮೀಟರ್, ವೇಗ ಗಂಟೆಗೆ 60 ಕಿಮೀ ಇರಲಿ. ಚಕ್ರ ನಿಮಿಷಕ್ಕೆ ಸುಮಾರು 556 ಸುತ್ತು ತಿರುಗುತ್ತದೆ. ಗಿಯರ್ ಪೆಟ್ಟಿಗೆಯ ಅನುಪಾತ 1 ಆಗಿದ್ದರೆ, ಅಂತಿಮ ಅನುಪಾತ 4.0 ಇದ್ದಾಗ ಎಂಜಿನ್ 2222 ಸುತ್ತು, 3.6 ಇದ್ದಾಗ 2000 ಸುತ್ತು ತಿರುಗುತ್ತದೆ. ಆದರೆ ಗಾಳಿಯ ತಡೆ, ಟಯರುಗಳ ಉರುಳು ಘರ್ಷಣೆ ಬದಲಾಗಿಲ್ಲ. ಬೇಕಾದ ಸಾಮರ್ಥ್ಯವೂ ಅಷ್ಟೇ. ಆದ್ದರಿಂದ ಎಂಜಿನ್ ಪ್ರತಿ ಸುತ್ತಿನಲ್ಲಿ ಶೇಕಡ 11ರಷ್ಟು ಹೆಚ್ಚು ಕೆಲಸ ಮಾಡಬೇಕು. ಉಳಿಯುವುದು ಒಳಘರ್ಷಣೆ ಹಾಗೂ ಅರೆತೆರೆದ ಥ್ರಾಟಲ್ ಮೂಲಕ ಗಾಳಿ ಎಳೆಯುವ ನಷ್ಟದ ಒಂದು ಪಾಲು ಮಾತ್ರ. ಥ್ರಾಟಲಿನಿಂದ ಗಾಳಿಯನ್ನು ತಡೆಯದ ಡೀಸೆಲ್ ಎಂಜಿನ್ನಿನಲ್ಲಿ ಲಾಭ ಇನ್ನೂ ಕಡಿಮೆ.

ಅಂತಿಮ ಅನುಪಾತ ಎಲ್ಲ ಗಿಯರುಗಳಿಗೂ ಅನ್ವಯಿಸುತ್ತದೆ ಎಂಬುದನ್ನೂ ಈ ವಿವರಣೆ ಮರೆಯುತ್ತದೆ. ಏರಿನಲ್ಲಿ ಚಾಲಕ ಕೆಳಗಿನ ಗಿಯರಿಗೆ ಇಳಿದರೆ ಉಳಿತಾಯ ಅಲ್ಲಿಗೇ ಮುಗಿಯಿತು. 1997ರಲ್ಲಿ ಬಂದ ಐದನೆಯ ಪೀಳಿಗೆಯ ಷೆವ್ರೊಲೆ ಕಾರ್ವೆಟ್‌ನ ಕೈಗಿಯರ್ ಮಾದರಿಯನ್ನು ನೋಡಿ: ಅಂತಿಮ ಅನುಪಾತ 3.42, ಆದರೆ 6ನೆಯ ಗಿಯರ್ 0.50. ಹೆದ್ದಾರಿಯಲ್ಲಿ ಸುತ್ತು ಕಡಿಮೆ. ಕೆಳಗಿನ ಗಿಯರುಗಳ ಎಳೆತಕ್ಕೆ ಧಕ್ಕೆಯಿಲ್ಲ.

ಅಳತೆಯಲ್ಲೂ ಎಚ್ಚರ ಬೇಕು. ಹಿಂಚಕ್ರ ಚಾಲನೆಯ ಕಾರಿನಲ್ಲಿ ದೂರಮಾಪಕ ಗಿಯರ್ ಪೆಟ್ಟಿಗೆಯಿಂದ ನಡೆಯುತ್ತಿದ್ದರೆ, 4.0 ಅನುಪಾತವನ್ನು 3.6 ಮಾಡಿದ ಮೇಲೆ 100 ಕಿಮೀ ಓಟವನ್ನು ಅದು 90 ಎಂದೇ ತೋರಿಸುತ್ತದೆ. ಇದನ್ನು ತಿದ್ದಿಕೊಂಡ ನಂತರವೇ ಮೈಲೇಜ್ ಹೋಲಿಸಲು ಅಧ್ಯಾಪಕರು ವಿದ್ಯಾರ್ಥಿಗಳಿಗೆ ತಿಳಿಸಬೇಕು.