ಲೈ–ಲೇ, ಮಲಗು–ಮಲಗಿಸು

ಊರಿನಿಂದ ಬಂದ ನಮ್ಮ ಅತ್ತೆಯವರು ಸ್ಕ್ರಿಪ್ಸ್ ರ್ಯಾಂಚಿನ ಮನೆಯಲ್ಲಿ ಒಂದು ಸಂಜೆ ‘ಐ ವಾಕೆಡ್ ಟು ದ ಲೇಕ್’ ಎಂದರು. ಮೊಮ್ಮಗ ನಕ್ಕ. ಮರುದಿನದಿಂದ ಮಿರಮಾರ್ ಕೆರೆಯ ದಾರಿಯಲ್ಲಿ ಯಾರು ಮಾತನಾಡಿಸಿದರೂ ಅವರು ಮುಗುಳ್ನಕ್ಕು ಸುಮ್ಮನಾಗತೊಡಗಿದರು. ಅದೇ ಹುಡುಗ ‘ನಾನು ಬೀಳಿದೆ’ ಎಂದಾಗ ನಾವು ದೊಡ್ಡವರೆಲ್ಲ ನಕ್ಕೆವು. ಅವನೂ ಇಂಗ್ಲಿಷಿಗೆ ಹೊರಳಿಬಿಟ್ಟ.

ಎರಡು ನಗೆಗಳ ಹಿಂದೆಯೂ ಇರುವುದು ನಾವು ಶಾಲೆಯಲ್ಲಿ ಉರು ಹೊಡೆದ ತಪ್ಪು–ಒಪ್ಪುಗಳ ಪಟ್ಟಿ. ಎಡಕ್ಕೆ ತಪ್ಪು, ಬಲಕ್ಕೆ ಸರಿ. ಕಾರಣ ಮಾತ್ರ ಎಲ್ಲಿಯೂ ಇಲ್ಲ. ಪರೀಕ್ಷೆಗೆ ಅದು ಸಾಕಾಗಿತ್ತು, ಬಾಯಿ ತೆರೆದು ಮಾತನಾಡಲು ಸಾಲದು. ಆ ಪಟ್ಟಿಗಳ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದು: ಕಲಿಯುವವರಿಗೆ ಆಗಲೇ ಗೊತ್ತಿರುವ ಕನ್ನಡವನ್ನು ಅವು ಬಳಸಿಕೊಳ್ಳುವುದೇ ಇಲ್ಲ.

ಇಂಗ್ಲಿಷರೂ ತಡವರಿಸುವ ‘ಲೈ’ ಮತ್ತು ‘ಲೇ’ ನೋಡಿ. ಮೊದಲನೆಯದು ಮಲಗು, ಎರಡನೆಯದು ಮಲಗಿಸು. ‘ಸಿಟ್–ಸೆಟ್’ ಎಂದರೆ ಕೂರು–ಕೂರಿಸು. ‘ರೈಸ್–ರೇಸ್’ ಎಂದರೆ ಏಳು–ಎಬ್ಬಿಸು. ‘ಫಾಲ್–ಫೆಲ್’ ಎಂದರೆ ಬೀಳು–ಬೀಳಿಸು. ನಮ್ಮ ‘ಇಸು’ವಿನಂಥ ಪ್ರತ್ಯಯವೊಂದು ಹಿಂದೆ ಜರ್ಮಾನಿಕ್ ಭಾಷೆಗಳಲ್ಲೂ ಇತ್ತು. ಅದು ಸವೆದುಹೋಗಿ ಸ್ವರದ ವ್ಯತ್ಯಾಸವಷ್ಟೇ ಉಳಿಯಿತು. ತೊಡಕು ಇನ್ನೊಂದಿದೆ: ‘ಲೈ’ಯ ಭೂತಕಾಲವೂ ‘ಲೇ’, ‘ಫಾಲ್’ನ ಭೂತಕಾಲವೂ ‘ಫೆಲ್’. ಮಲಗಿಸಿದೆ ಎನ್ನಲು ‘ಲೇಡ್’, ಮರ ಬೀಳಿಸಿದೆ ಎನ್ನಲು ‘ಫೆಲ್ಡ್’.

‘ವಾಕೆಡ್’ ಕೂಡ ದಡ್ಡತನವಲ್ಲ, ಬರೆದಂತೆ ಓದುವ ಕನ್ನಡದ ಶಿಸ್ತು. ಇದಕ್ಕೂ ನಮ್ಮ ಅಕ್ಷರಮಾಲೆಯಲ್ಲೇ ದಾರಿ ಇದೆ. ಕ್, ಚ್, ಪ್, ಸ್‌ಗಳಂಥ ಅಘೋಷ ಧ್ವನಿಗಳ ನಂತರ ಬಾಲ ‘ಟ್’ ಆಗುತ್ತದೆ: ವಾಕ್ಟ್. ಗ್, ಜ್, ಬ್‌ಗಳಂಥ ಘೋಷ ಧ್ವನಿಗಳು ಮತ್ತು ಸ್ವರಗಳ ನಂತರ ‘ಡ್’: ಬೆಗ್ಡ್, ಪ್ಲೇಡ್. ಕ್ರಿಯಾಪದವೇ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ಇನ್ನೊಂದು ಸ್ವರ ಸೇರುತ್ತದೆ: ವಾಂಟೆಡ್. ಕ–ಗ, ಪ–ಬ ಜೋಡಿಗಳನ್ನು ಬಾಲ್ಯದಲ್ಲೇ ಕಲಿತ ಅತ್ತೆಯವರಿಗೆ ಇದು ಹತ್ತು ನಿಮಿಷದ ಪಾಠವಾಯಿತು.

ಉಚ್ಚಾರ ಬದಲಾಗಬಾರದು ಎಂದಲ್ಲ. ಎದುರಿನವರಿಗೆ ತಿಳಿಯುವಷ್ಟು ಸ್ಪಷ್ಟವಾಗಿರಬೇಕು. ಆದರೆ ‘ಸರಿ’ ಎಂಬುದು ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ಲಾಸ್ ಏಂಜಲೀಸ್ ಎಂಬ ಹೆಸರನ್ನೇ ‘ಗ’ಕಾರದಿಂದ ಹೇಳಬೇಕೋ ‘ಜ’ಕಾರದಿಂದಲೋ ಎಂದು ತೀರ್ಮಾನಿಸಲು 1952ರಲ್ಲಿ ಅಲ್ಲಿನ ಮೇಯರ್ ಫ್ಲೆಚರ್ ಬೌರನ್ ಸಮಿತಿಯನ್ನೇ ಕೂಡಿಸಬೇಕಾಯಿತು. ನಮ್ಮ ಪಕ್ಕದ ಲಾ ಹೋಯಾದ ಹೆಸರನ್ನು ಬರೆದಂತೆ ಓದಿ ಪೇಚಿಗೆ ಸಿಕ್ಕವರಲ್ಲಿ ಎಲ್ಲ ದೇಶದವರೂ ಇದ್ದಾರೆ.

‘ಬೀಳಿದೆ’ ಎಂದ ಮಗು ‘ಮಾಡಿದೆ, ಓದಿದೆ’ಗಳ ನಿಯಮವನ್ನು ತಾನೇ ಕಂಡುಕೊಂಡಿದೆ. ಏಳು–ಎದ್ದೆ, ಬೀಳು–ಬಿದ್ದೆ ಎಂದು ಜೋಡಿ ತೋರಿಸಿದರೆ ಸಾಕು. ಈಗ ನಮ್ಮ ಮನೆಯಲ್ಲಿ ಅಜ್ಜಿ ಮೊಮ್ಮಗನಿಗೆ ‘ಬಿದ್ದೆ’ ಕಲಿಸುತ್ತಾರೆ, ಅವನು ಅಜ್ಜಿಗೆ ‘ವಾಕ್ಟ್’ ಕಲಿಸುತ್ತಾನೆ. ಕೆರೆಯ ದಾರಿಯಲ್ಲಿ ಅವರು ಮತ್ತೆ ಮಾತನಾಡುತ್ತಿದ್ದಾರೆ.