ಒಂಟಿ ಧೀರನ ಕಟ್ಟುಕಥೆ

ಹಾಲಿವುಡ್ ಸಿನಿಮಾ ನೋಡಿ ಬೆಳೆದವರ ತಲೆಯಲ್ಲಿ ಅಮೆರಿಕದ ಪಶ್ಚಿಮ ವಲಸೆಯ ಚಿತ್ರವೊಂದು ಗಟ್ಟಿಯಾಗಿ ಕೂತಿದೆ: ಬಿಳಿ ಬಟ್ಟೆ ಹೊದಿಸಿದ ಕಮಾನು ಗಾಡಿ, ನಾಗಾಲೋಟದ ಕುದುರೆಗಳು, ಗುಡ್ಡದ ಮರೆಯಿಂದ ಮುಗಿಬೀಳುವ ಮೂಲನಿವಾಸಿಗಳು, ಗಾಡಿಗಳ ಸಂದಿಯಿಂದ ಗುಂಡು ಹಾರಿಸುವ ಸಂಸಾರಸ್ಥ. ಯಾರ ಹಂಗೂ ಇಲ್ಲದೆ ತೋಳಬಲದಿಂದ ನಾಡು ಕಟ್ಟಿದ ಧೀರ ಅವನೇ ಎಂಬ ನಂಬಿಕೆ ಈಗಲೂ ಚಲಾವಣೆಯಲ್ಲಿದೆ. ಈ ಚಿತ್ರ ಬುಡದಲ್ಲೇ ತಪ್ಪು.

ಗಾಡಿಯಿಂದಲೇ ಶುರು ಮಾಡೋಣ. ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಆರೆಗನ್‌ನ ವಿಲಾಮೆಟ್ ಕಣಿವೆಗೆ ಸುಮಾರು 3,200 ಕಿಲೋಮೀಟರ್. ಹೆಚ್ಚಿನ ಗಾಡಿಗಳನ್ನು ಎಳೆದದ್ದು ಎತ್ತುಗಳು. ಕುದುರೆಗೆ ಕಾಳು ಬೇಕು. ಎತ್ತು ದಾರಿಯ ಹುಲ್ಲಿನಲ್ಲೇ ಬದುಕುತ್ತದೆ, ಬೆಲೆಯೂ ಕಡಿಮೆ. ಗಾಡಿಯ ತುಂಬ ಹಿಟ್ಟಿನ ಮೂಟೆ, ಉಪ್ಪು ಹಾಕಿದ ಹಂದಿಮಾಂಸ, ಕಾಫಿ, ನೇಗಿಲು, ಹಾಸಿಗೆ. ಕೂರಲು ಜಾಗವಿರಲಿಲ್ಲ, ಕೂತರೂ ಸ್ಪ್ರಿಂಗಿಲ್ಲದ ಗಾಡಿಯ ಕುಲುಕಾಟ ತಡೆಯಲಾಗುತ್ತಿರಲಿಲ್ಲ. ಹೀಗಾಗಿ ಹೆಂಗಸರು, ಮಕ್ಕಳು ನಡೆದರು. ಗಾಡಿ ಹೊಡೆಯುವವನೂ ಎತ್ತಿನ ಎಡಗಡೆ ನಡೆದ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಂತೆ ನಾಲ್ಕರಿಂದ ಆರು ತಿಂಗಳು. ಮರವಿಲ್ಲದ ಬಯಲಿನಲ್ಲಿ ಕಾಡೆಮ್ಮೆಯ ಒಣ ಸಗಣಿಯನ್ನು ಮಡಿಲು ತುಂಬ ಆಯ್ದು ತಂದು ಒಲೆ ಹಚ್ಚಿದ ಹೆಂಗಸು ನನ್ನ ಕಣ್ಣಿಗೆ ಬಂದೂಕಿನವನಿಗಿಂತ ದೊಡ್ಡವಳು.

ಗಾಡಿ ಕೊಳ್ಳಲಾಗದವರೂ ಇದ್ದರು. 1856ರಿಂದ 1860ರವರೆಗೆ ಮಾರ್ಮನ್ ಎಂಬ ಕ್ರೈಸ್ತ ಪಂಥದ ಸುಮಾರು ಮೂರು ಸಾವಿರ ಜನ ತಳ್ಳುಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಯೂಟಾ ಕಡೆಗೆ ನಡೆದರು. ಮೊದಲ ವರ್ಷವೇ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮದಲ್ಲಿ ಸಿಕ್ಕಿಬಿದ್ದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವರು ಬದುಕಿದ್ದು ಸಾಲ್ಟ್ ಲೇಕ್ ಕಣಿವೆಯಿಂದ ಆಹಾರ, ಹೊದಿಕೆ ತುಂಬಿಕೊಂಡು ಎದುರು ಬಂದ ಗಾಡಿಗಳಿಂದ. ತೋಳಬಲವೊಂದರಿಂದಲೇ ಅಲ್ಲ.

ಇನ್ನು ಮೂಲನಿವಾಸಿಗಳ ದಾಳಿ. ಇತಿಹಾಸಕಾರ ಜಾನ್ ಅನ್‌ರೂ ಲೆಕ್ಕ ಹಾಕಿದಂತೆ, 1840ರಿಂದ 1860ರವರೆಗೆ ಅವರ ಕೈಯಲ್ಲಿ ಸತ್ತ ವಲಸಿಗರು 362. ವಲಸಿಗರ ಕೈಯಲ್ಲಿ ಸತ್ತ ಮೂಲನಿವಾಸಿಗಳು 426. ಆ ಎರಡು ದಶಕಗಳಲ್ಲಿ ಪಶ್ಚಿಮಕ್ಕೆ ಹೋದವರು ಲಕ್ಷಗಟ್ಟಲೆ. ಕೊಂದದ್ದು ಮುಖ್ಯವಾಗಿ ಕಾಲರಾ. ಪ್ಲಾಟ್ ನದಿಯ ದಂಡೆಯಲ್ಲಿ ಸಾವಿರಾರು ಜನ ತಂಗಿ ಹೊಲಸು ಮಾಡಿದ ಜಾಗದ ನೀರನ್ನೇ ಹಿಂದೆ ಬಂದವರು ಕುಡಿದರು; ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನನ್ನು ಸಂಜೆ ದಾರಿಬದಿ ಹೂಳುವಂತಾಯಿತು. ಚಕ್ರದಡಿ ಬಿದ್ದವರು, ಹೊಳೆ ದಾಟುವಾಗ ಮುಳುಗಿದವರು, ತಮ್ಮದೇ ಬಂದೂಕು ಹಾರಿ ಸತ್ತವರು ಬೇರೆ. ರಾತ್ರಿ ಗಾಡಿಗಳನ್ನು ಸುತ್ತುಗಟ್ಟಿ ನಿಲ್ಲಿಸುತ್ತಿದ್ದದ್ದು ಹೆಚ್ಚಾಗಿ ದನಗಳು ಚದುರದಿರಲೆಂದು.

ಆ ಮೂಲನಿವಾಸಿಗಳೇ ಹೊಳೆ ದಾಟಿಸಿದರು, ದಾರಿ ತೋರಿಸಿದರು, ಒಣಗಿಸಿದ ಸಾಲ್ಮನ್ ಮೀನು ಮಾರಿದರು. ಶೋಶೋನಿ ಮುಖಂಡ ವಾಶಾಕಿ ವಲಸಿಗರಿಗೆ ನೆರವಾದವನೆಂದೇ ಹೆಸರಾದ. ಸರ್ಕಾರವೂ ಕೈಕಟ್ಟಿ ಕೂತಿರಲಿಲ್ಲ: ಸೇನೆಯ ಫ್ರೆಮಾಂಟ್ ತಯಾರಿಸಿದ ನಕ್ಷೆ, ವರದಿಗಳು ದಾರಿಯ ಕೈಪಿಡಿಯಾದವು; 1849ರಲ್ಲಿ ಸೇನೆ ದಾರಿಯಲ್ಲಿದ್ದ ಫೋರ್ಟ್ ಲಾರಮಿ ಕೋಟೆಯನ್ನು ಖರೀದಿಸಿ ಕಾವಲಿಟ್ಟಿತು.

ನಡೆದವರ ಕಷ್ಟವನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೆ ನೆರವಾದವನನ್ನು ಕತೆಯಿಂದ ಅಳಿಸಿ ಶತ್ರುವಾಗಿ ಮಾತ್ರ ತೋರಿಸಿದರೆ, ಅವನ ನೆಲ ಕಿತ್ತುಕೊಂಡದ್ದು ನ್ಯಾಯವೆನಿಸಿಬಿಡುತ್ತದೆ. ಈ ಕಟ್ಟುಕಥೆಯ ಕೇಡು ಇರುವುದು ಇಲ್ಲಿಯೇ. 1850ರ ಕಾಯ್ದೆ ಆರೆಗನ್‌ಗೆ ಬಂದು ನೆಲೆಸಿದ ಬಿಳಿಯ ದಂಪತಿಗೆ 640 ಎಕರೆಯವರೆಗೆ ಪುಕ್ಕಟೆ ಕೊಟ್ಟಿತು. ವಿಲಾಮೆಟ್ ಕಣಿವೆಯ ಕಲಪೂಯಾ ಜನರಿಂದ ಆ ನೆಲವನ್ನು ಬರೆಸಿಕೊಂಡ ಒಪ್ಪಂದ ಊರ್ಜಿತವಾದದ್ದು 1855ರಲ್ಲಿ.